ಹಸಿದ ಕೌದಿ ನೇಪಾಳಕ್ಕೆ ಹೋದದ್ದು

ಓದು ಬರದವರಿಗೆ ಓದಿನ ಮೇಲೆ ಭಾರಿ ಭಕ್ತಿ ಇರುತ್ತದೆ ಎಂದು ಓದಿದವರು ನಂಬಿಕೊಂಡಿದ್ದಾರೆ. ನನಗೆ ಅಂಥ ಭಕ್ತಿ ಏನೂ ಇಲ್ಲ. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. ನಾಲ್ಕನೆಯದಕ್ಕೆ ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಮಗ ಮುಂದೆ ಬಂದು ಬಡತನ, ಹೆಣ್ಣುಮಗಳು, ಆ ಕಾಲವೇ ಹಾಗಿತ್ತು ಎಂದು ವಿವರಿಸುತ್ತಾನೆ. ಕೇಳಿದವರು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನಿಜ ಏನೆಂದರೆ, ನನಗೆ ಶಾಲೆ ಬೇಸರವಾಗಿತ್ತು. ಭತ್ತದ ನಾಟಿಗೆ ಹೋದರೆ ದಿನವೆಲ್ಲ ಹೆಂಗಸರ ಜೊತೆ ಮಾತಾಡಬಹುದಿತ್ತು. ಶಾಲೆಯಲ್ಲಿ ಮಾತಾಡಿದರೆ ಹೊಡೆಯುತ್ತಿದ್ದರು. ಬಸ್ಸಿನ ಬೋರ್ಡು ಓದುತ್ತೇನೆ, ಕೂಡಿಸಿ ಕೂಡಿಸಿ ಪೇಪರೂ ಓದುತ್ತೇನೆ. ಡಾಕ್ಟರ ಚೀಟಿ ಓದಲು ಬರುವುದಿಲ್ಲ, ಅದು ಎಂಎ ಮಾಡಿದವರಿಗೂ ಬರುವುದಿಲ್ಲ. ಇಂಥವಳು ಹೊರದೇಶದ ಮಕ್ಕಳಿಗೆ ಓದು ಕಲಿಸುವ ಕೆಲಸದಲ್ಲಿ ಹೇಗೆ ಸಿಕ್ಕಿಬಿದ್ದೆ ಎಂಬುದನ್ನು ಬರೆಯಬೇಕೆಂದು ಕೂತಿದ್ದೇನೆ. ಒತ್ತು, ಕೊಂಬು ತಪ್ಪಿದಲ್ಲಿ ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಟ್ಟಿಲ್ಲ.

ಆ ಮೊಮ್ಮಗಳ ಹೆಸರು ಸುಜಾತಾ. ಕುರೆಕುಪ್ಪದ ಕಡೆ ಉಕ್ಕಿನ ಕಾರ್ಖಾನೆಯಲ್ಲಿ ಅದಿರನ್ನು ಪರೀಕ್ಷೆ ಮಾಡುವ ಕೆಲಸ. ಅಂದರೆ ಕೆಂಪು ಮಣ್ಣನ್ನು ನೋಡಿ ಇದು ಕೆಂಪು ಮಣ್ಣು ಎಂದು ಕಂಪ್ಯೂಟರಿನಲ್ಲಿ ಬರೆಯುವುದು. ವಾರವೆಲ್ಲ ಅಲ್ಲಿ, ಭಾನುವಾರ ಬುಕ್ಕಸಾಗರದಲ್ಲಿ ನಮ್ಮ ಮನೆಯಲ್ಲಿ. ಹೋದ ವರ್ಷ ರಜೆ ಸಿಕ್ಕಾಗ ಅವಳ ಜೊತೆಯ ಹುಡುಗಿಯರೆಲ್ಲ ಗೋವಾಕ್ಕೆ ಹೋದರೆ ಇವಳು ನೇಪಾಳಕ್ಕೆ ಹೋದಳು. ಬೇರೆ ಬೇರೆ ದೇಶಗಳ ಬಡಮಕ್ಕಳಿಗೆ ಓದುಮನೆ ತೆರೆಯುವ ಒಂದು ಸಂಸ್ಥೆ ಇದೆಯಂತೆ. ಅದರ ಕೆಲಸಕ್ಕೆ ಹದಿನೈದು ದಿನ ದುಡಿದು, ರೈಲು ಬಸ್ಸಿನ ಖರ್ಚನ್ನೂ ತಾನೇ ಹಾಕಿಕೊಂಡು, ಮೂಗು ಸೋರಿಸಿಕೊಂಡು ಬಂದಳು.

"ಅಲ್ಲಬೇ, ದುಡದು ಮ್ಯಾಲೆ ರೊಕ್ಕನೂ ಕೊಟ್ಟು ಬಂದಿಯಾ?" ಎಂದೆ.

"ಅದಕ್ಕ ಸ್ವಯಂಸೇವೆ ಅಂತಾರ ಅಜ್ಜಿ," ಎಂದಳು.

ಮೊಬೈಲಿನಲ್ಲಿ ಆ ಓದುಮನೆಯನ್ನು ತೋರಿಸಿದಳು. ಗುಡ್ಡದ ಮೇಲೆ ಕಲ್ಲಿನ ಗೋಡೆಯ ಒಂದು ಕೋಣೆ, ಒಳಗೆ ಕಪಾಟಿನ ತುಂಬ ಪುಸ್ತಕ, ಬಾಗಿಲಿಗೆ ಬೀಗ. ಬೀಗ ಯಾಕೆ ಎಂದರೆ ಚಳಿಗಾಲದಲ್ಲಿ ನೆಲ ಮಂಜಿನ ಹಾಗೆ ತಣ್ಣಗಾಗುತ್ತದೆಯಂತೆ. ಮಕ್ಕಳು ಕೂರಲಾರದೆ ಬರುವುದನ್ನೇ ಬಿಡುತ್ತಾರೆ. ಬಿಟ್ಟವರಲ್ಲಿ ಅರ್ಧ ಮಕ್ಕಳು ಬೇಸಿಗೆಯಲ್ಲೂ ತಿರುಗಿ ಬರುವುದಿಲ್ಲ, ಕೂಲಿಗೆ ಹೋಗುತ್ತಾರೆ. ಹೀಗೇ ಆದರೆ ಈ ವರ್ಷ ಓದುಮನೆಯನ್ನು ಮುಚ್ಚಿಯೇ ಬಿಡುತ್ತೇವೆ ಎಂದು ಸಂಸ್ಥೆಯವರು ಹೇಳಿದ್ದಾರಂತೆ. ಸುಜಾತಾ ಮುಚ್ಚಲು ಬಿಡುವುದಿಲ್ಲ ಎಂದು ಅಲ್ಲಿನ ಮೇಷ್ಟರಿಗೆ ಮಾತು ಕೊಟ್ಟು ಬಂದಿದ್ದಳು. ನಮ್ಮ ಮನೆತನದಲ್ಲಿ ಹೀಗೆ ಮಾತು ಕೊಟ್ಟು ಬರುವವರು ಒಬ್ಬರು, ಅದನ್ನು ಹೊರುವವರು ಮತ್ತೊಬ್ಬರು. ನನ್ನ ಗಂಡನೂ ಹಾಗೇ ಇದ್ದರು.

ನಮ್ಮೂರ ಶಾಲೆ ಬಿಟ್ಟು ಅಲ್ಲಿಗೇಕೆ ಎಂದು ನಾನೂ ಕೇಳಿದೆ. ಕೇಳಬೇಕಾದ ಪ್ರಶ್ನೆಯೇ. "ನಮ್ಮೂರ ಸಾಲ್ಯಾಗ ಬೆಂಚು ಅದಾವ, ಬಿಸಿಯೂಟ ಐತಿ. ಮಕ್ಳು ಓದವಲ್ವು ಅಂದ್ರ ಅದಕ್ಕ ನೀ ಬೈಯಿ ಸಾಕು, ಸಂಸ್ಥೆ ಬ್ಯಾಡ," ಎಂದಳು. ಅದೂ ಸರಿ. ಒಂದು ಕಾಲದಲ್ಲಿ ಹಂಪಿಗೆ ಬರುವ ಬಿಳಿಯರು ನಮ್ಮ ಮಕ್ಕಳಿಗೆ ಪೆನ್ನು ಹಂಚಿ ಹೋಗುತ್ತಿದ್ದರು. ನನ್ನ ಮಗ ಶಾಲೆ ತಪ್ಪಿಸಿ, ಪೆನ್ನು ಬೇಡಲು ಅಲ್ಲಿಗೆ ಓಡುತ್ತಿದ್ದ. ಮನೆಯಲ್ಲಿ ಒಂದು ಡಬ್ಬಿ ತುಂಬ ಪೆನ್ನು, ಮಗನ ವಹಿಯಲ್ಲಿ ಒಂದಕ್ಷರ ಇಲ್ಲ. ಈಗ ನಾವು ಬೇರೆ ದೇಶದವರಿಗೆ ಕೊಡುವ ಕಾಲ ಬಂದಿದೆ. ಕೊಡುವುದಾದರೆ ಪೆನ್ನು ಬೇಡ, ಕುಂಡೆಯ ಕೆಳಗೆ ಹಾಸಲು ಏನಾದರೂ ಕೊಡಿ ಎಂದು ನನಗೆ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಿದ್ದು ನನ್ನ ತಪ್ಪು.

"ನೆಲ ತಂಪಂದ್ರ ಒಂದ್ ನಾಕು ಕೌದಿ ಒಗೀರಿ, ಮುಗೀತು," ಎಂದೆ.

ಸುಜಾತಾ ನನ್ನನ್ನು ನೋಡಿದಳು. ಆ ನೋಟ ನನಗೆ ಗೊತ್ತು. ಅವಳ ತಾತ ಎಮ್ಮೆ ಕೊಳ್ಳುವಾಗ ಹಾಗೆ ನೋಡುತ್ತಿದ್ದರು.

ಮುಂದಿನ ಭಾನುವಾರ ಬರುವಷ್ಟರಲ್ಲಿ ಎಲ್ಲ ಗೊತ್ತು ಮಾಡಿಕೊಂಡು ಬಂದಿದ್ದಳು. ಹನ್ನೆರಡು ಕೌದಿ. ಒಂದೊಂದಕ್ಕೂ ಕಾರ್ಖಾನೆಯ ಕಾಲನಿಯವರು ಒಬ್ಬೊಬ್ಬರು ದುಡ್ಡು ಕೊಡುತ್ತಾರೆ. ಆ ದುಡ್ಡಿನಲ್ಲಿ ಮಕ್ಕಳಿಗೆ ಹೊಸ ಪುಸ್ತಕ, ಕೌದಿ ಆ ಮಕ್ಕಳ ಕೆಳಗೆ. ಹಿಮ ಬಿದ್ದರೆ ಆ ಗುಡ್ಡದ ದಾರಿ ಮುಚ್ಚುತ್ತದೆ, ಅದಕ್ಕೆ ಮುಂಚೆ ತಲುಪಬೇಕು. ಸಂಸ್ಥೆಯ ಒಬ್ಬರು ಹೊಸಪೇಟೆಯಿಂದ ಹೊರಡುವವರಿದ್ದಾರೆ, ಅವರ ಸಾಮಾನಿನ ಜೊತೆಗೆ ಕೌದಿಯ ಗಂಟು ಹೋಗಬೇಕು. ಅದು ತಪ್ಪಿದರೆ ಆಮೇಲೆ ಕಳಿಸಿ ಉಪಯೋಗವಿಲ್ಲ, ಓದುಮನೆಗೆ ಬೀಗವೇ ಗತಿ.

ಪದರ ಪದರ ಹಾಕಿ ಕೌದಿ ಹೊಲಿಯಲು ಬೇಕಾದದ್ದು ಹಳೆಯ ಸೀರೆ. ಅದು ಎಲ್ಲರ ಮನೆಯಲ್ಲೂ ಇರುತ್ತದೆ, ಕೇಳಿದರೆ ಯಾರೂ ಕೊಡುವುದಿಲ್ಲ. ಇದು ನಮ್ಮವ್ವಂದು, ಇದು ಸೀಮಂತದ್ದು ಎಂದು ಎದೆಗೆ ಅವುಚಿಕೊಳ್ಳುತ್ತಾರೆ. ನೆಲ ಒರೆಸಲು ಮಾತ್ರ ಅದನ್ನೇ ಹರಿಯುತ್ತಾರೆ. ಆದರೆ ಕುಪ್ಪಸದ ಖಣ ಕೇಳಿ, ಓಡಿ ಬಂದು ಕೊಡುತ್ತಾರೆ. ಉಡಿ ತುಂಬುವಾಗ ಕೊಡುವ ಖಣವನ್ನು ಇದುವರೆಗೆ ಯಾವ ಹೆಂಗಸೂ ಹೊಲಿಸಿಕೊಂಡದ್ದನ್ನು ನಾನು ನೋಡಿಲ್ಲ. ನಾನು ನಮ್ಮ ಓಣಿಯ ಈರಮ್ಮನಿಗೆ ಕೊಟ್ಟದ್ದು ಈರಮ್ಮ ತನ್ನ ನಾದಿನಿಗೆ, ನಾದಿನಿ ಸಂಡೂರಿನ ಬೀಗತಿಗೆ, ಹೀಗೆ ತಿರುಗಿ ತಿರುಗಿ ಮೂರು ವರ್ಷಕ್ಕೆ ಅದೇ ಹಸಿರು ಖಣ ನನ್ನ ಉಡಿಗೇ ಬಂದು ಬಿದ್ದಿದೆ. ಮನುಷ್ಯರಿಗಿಂತ ಹೆಚ್ಚು ಊರು ನೋಡಿದ ಬಟ್ಟೆ ಅದು. ನೇಪಾಳ ಒಂದು ಬಾಕಿ ಇತ್ತು.

ಬಟ್ಟೆಯೇನೋ ಆಯಿತು, ಹೊಲಿಯುವವರು ಬೇಕಲ್ಲ. ನನ್ನ ಹೊಲಿಗೆ ಅಷ್ಟಕ್ಕಷ್ಟೇ. ನಮ್ಮ ಓಣಿಯಲ್ಲಿ ಕೌದಿ ಎಂದರೆ ದುರುಗಮ್ಮ. ನನಗಿಂತ ಎರಡು ವರ್ಷ ದೊಡ್ಡವಳು, ದುರುಗಕ್ಕ ಎನ್ನುತ್ತೇನೆ. ನಲವತ್ತು ವರ್ಷ ಒಂದೇ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು ನಾವು. ಅವಳು ಬಂದು ಕೂತರೆ ಮಾಬುಬಿ, ಈರಮ್ಮ ಎಲ್ಲ ಬಂದು ಕೂರುತ್ತಾರೆ. ಅವಳು ಎದ್ದರೆ ಎಲ್ಲರೂ ಎದ್ದುಹೋಗುತ್ತಾರೆ. ಅವಳಿಗೆ ಒಂದು ನೇಮವಿದೆ. ಕೌದಿಯ ಸುತ್ತ ಅಂಚು ಕಟ್ಟಿ ಕೊನೆಯ ಮೂಲೆ ಮುಚ್ಚುವಾಗ ಒಳಗೆ ಒಂದು ಚೂರು ಹೋಳಿಗೆ ಇಟ್ಟು ಹೊಲಿಯಬೇಕು. ಕೌದಿ ಹಸಿದಿರಬಾರದು. ಹಸಿದ ಕೌದಿ ಹೊದ್ದವರ ಮನೆಯಲ್ಲಿ ಊಟ ತೀರುತ್ತದೆ ಎನ್ನುತ್ತಾಳೆ. ಹಿಂದೆ ಕಂಪ್ಲಿಯ ಅಕ್ಕಿ ಮಿಲ್ಲಿನ ಸಾಹುಕಾರರ ಹೆಂಡತಿ ಇರುವೆ ಬರುತ್ತದೆ, ಹೋಳಿಗೆ ಇಡಬೇಡ ಎಂದದ್ದಕ್ಕೆ ದುರುಗಕ್ಕ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದು ಬಂದಳು. ಒಬ್ಬರು ಹೊಲಿಯಲು ಕೂತ ಕೌದಿಯನ್ನು ಇನ್ನೊಬ್ಬರು ಮುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಮೂಲೆ ಬಾಯಿಬಿಟ್ಟುಕೊಂಡು ಆ ಕೌದಿ ಇವತ್ತಿಗೂ ಅವರ ಅಟ್ಟದ ಮೇಲಿದೆ.

ನನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ. ನನ್ನ ಮಗ ಬೌದ್ಧನಾದ ಮೇಲೆ ನಮ್ಮ ಮನೆಯಲ್ಲಿ ಮೂಢನಂಬಿಕೆ ಬಂದ್. ಬಾಗಿಲಿಗೆ ಕಟ್ಟುತ್ತಿದ್ದ ನಿಂಬೆಹಣ್ಣು ಕೆಳಗಿಳಿದು ಪಾನಕಕ್ಕೆ ಹೋಯಿತು, ನನಗೂ ಅದೇ ಲಾಭದ ಹಾಗೆ ಕಂಡಿತು. ಆದರೆ ದುರುಗಕ್ಕನ ಜೊತೆ ಯಾರು ವಾದ ಮಾಡುತ್ತಾರೆ? ಒಂದೊಂದು ಕೌದಿ ಮುಗಿದಾಗಲೂ ಹೂರಣ ರುಬ್ಬಿ ಹೋಳಿಗೆ ಮಾಡಿದೆ. ಕೌದಿ ತಿನ್ನುವುದು ಉಗುರಿನಷ್ಟು. ಉಳಿದದ್ದನ್ನು ಹೊಲಿದವರು ತುಪ್ಪ ಹಾಕಿಕೊಂಡು ತಿಂದರು. ಕೌದಿ ಹಸಿದಿರಬಾರದು ಎಂದು ಮೊದಲು ಹೇಳಿದವಳು ಯಾರೋ ಹಸಿದ ಹೊಲಿಗೆಯವಳೇ ಇರಬೇಕು ಎಂಬುದು ನನ್ನ ಅನುಮಾನ.

ನಡುವೆ ಒಂದು ದಿನ ಸುಜಾತಾ ನನ್ನನ್ನು ಕುರೆಕುಪ್ಪದ ಕಾಲನಿಗೆ ಕರೆದುಕೊಂಡು ಹೋದಳು. ಸಭಾಭವನದಲ್ಲಿ ಮುಗಿದ ಕೌದಿಗಳನ್ನು ತೂಗುಹಾಕಿ, ನನ್ನ ಕೊರಳಿಗೆ ಸ್ವಯಂಸೇವಕಿ ಎಂದು ಬರೆದ ಒಂದು ಕಾರ್ಡು ಹಾಕಿ, ಮುಂದೆ ಕೂರಿಸಿದಳು. ನೋಡಲು ಬಂದ ಒಬ್ಬ ಹೆಣ್ಣುಮಗಳು, "ಅಜ್ಜಿ, ಇದು ಹ್ಯಾಂಡ್‌ಮೇಡಾ?" ಎಂದಳು. "ಕಾಲಿಲೆ ಹೊಲಿಯಾಕ ನಮಗ ಬರಂಗಿಲ್ಲಮ್ಮ," ಎಂದೆ. ಚಷ್ಮಾ ಹಾಕಿದ ಒಬ್ಬರು ದುಡ್ಡು ಕೊಟ್ಟು ಕೌದಿಯನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡರು. ನಾನು ಇತ್ತ ಕಡೆಯ ತುದಿ ಹಿಡಿದೆ.

"ಅದು ಮಕ್ಕಳಿಗೆ ಹೋಗೋದ್ರಿ," ಎಂದೆ.

"ದುಡ್ಡು ಕೊಟ್ಟೀನಲ್ಲಮ್ಮ!"

"ಹುಂಡಿಗೆ ರೊಕ್ಕ ಹಾಕಿ ದೇವರನ್ನ ಬಗಲಾಗ ಇಟಗೊಂಡು ಮನೀಗೆ ಹೊಕ್ಕೀರೇನು? ಬಿಡ್ರಿ."

ಬಿಟ್ಟರು. ಆಮೇಲೆ ಸುಜಾತಾ ನನ್ನನ್ನು ಹಿಂದಿನ ಸಾಲಿಗೆ ಕೂರಿಸಿದಳು. ಆದರೆ ಸಂಜೆಯೊಳಗೆ ಹನ್ನೆರಡಕ್ಕೂ ಜನ ಸಿಕ್ಕರು, ಇನ್ನೂ ಹೊಲಿಯದ ಕೌದಿಗೂ ದುಡ್ಡು ಬಂತು. ದುಡ್ಡು ಬಂದ ಮೇಲೆ ಪುಸ್ತಕವನ್ನೂ ತರಿಸಿಬಿಟ್ಟರು. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ಹನ್ನೊಂದು ಕೌದಿ ಮುಗಿದು ನಮ್ಮ ಮನೆಯ ಟ್ರಂಕಿನ ಮೇಲೆ ಕೂತಿದ್ದವು, ಹನ್ನೆರಡನೆಯದು ಅಂಗಳದಲ್ಲಿ ಅರ್ಧ ಆಗಿತ್ತು. ಹೊರಡಲು ಹತ್ತು ದಿನ. ಆ ಭಾನುವಾರ ಸುಜಾತಾ ಒಂದು ಫಾರಂ ಹಿಡಿದು ಕೂತಳು. ಗಡಿ ದಾಟುವ ಸಾಮಾನಿಗೆ ಅದು ಬೇಕಂತೆ.

"ಅಜ್ಜಿ, ಇಲ್ಲಿ ಬರದಾರ, ತಿನ್ನೋ ಪದಾರ್ಥ, ಕಾಳು, ಬೀಜ ಏನೂ ಇಲ್ಲ ಅಂತ ನಾ ಸಹಿ ಮಾಡಬೇಕು. ಕೌದಿ ಒಳಗ ಬರೇ ಬಟ್ಟಿ ಐತಲ್ಲ?"

"ಹೂಂ," ಎಂದೆ. ಆಮೇಲೆ, "ಇದ್ರ ಏನಾಕ್ಕತಿ?" ಎಂದೆ.

"ಹೋದ ಸಲ ಒಬ್ಬರು ಸ್ವೆಟರಿನಾಗ ಉಪ್ಪಿನಕಾಯಿ ಸುತ್ತಿ ಕಳಿಸಿದ್ರು. ಎಲ್ಲಾರ ಗಂಟು ತಡದು ನಿಲ್ಲಿಸಿದ್ರು. ಎರಡು ತಿಂಗಳು. ಹಂಗಾದ್ರ ನಮ್ಮ ಕೌದಿ ಹಿಮ ಕರಗಿದ ಮ್ಯಾಲೇ ಹೋಗಿ ಮುಟ್ಟೋದು. ಮೇಷ್ಟ್ರಿಗೆ ನಾ ಯಾವ ಮಕ ತೋರಿಸ್ಲಿ?"

ಹೋಳಿಗೆ ವಿಷಯವನ್ನು ಅವಳಿಗೆ ಹೇಳಲಿಲ್ಲ. ದುರುಗಕ್ಕನಿಗೆ ಫಾರಂ ವಿಷಯ ಹೇಳಲಿಲ್ಲ. ಇಬ್ಬರಿಗೂ ಹೇಳದಿದ್ದರೆ ಇಬ್ಬರಿಗೂ ಸುಳ್ಳು ಹೇಳಿದ ಹಾಗಾಗುವುದಿಲ್ಲ ಎಂದು ನನಗೆ ಅನ್ನಿಸಿತ್ತು. ಮಧ್ಯಾಹ್ನ ಹೆಂಗಸರೆಲ್ಲ ಊಟಕ್ಕೆ ತಮ್ಮ ತಮ್ಮ ಮನೆಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಕೌದಿಯ ಮೂಲೆ ಬಿಚ್ಚುವುದು, ಚೂರು ತೆಗೆಯುವುದು, ತಿರುಗಿ ಹೊಲಿಯುವುದು. ದಿನಕ್ಕೆ ಮೂರು ಸಾಗುತ್ತಿತ್ತು. ತೆಗೆದ ಹೋಳಿಗೆ ಹಂಚಿನ ಚೂರಿನ ಹಾಗೆ ಗಟ್ಟಿಯಾಗಿತ್ತು. ಕೋಳಿಗೆ ಹಾಕಿದೆ, ಕೋಳಿ ಅದನ್ನು ನೋಡಿ ನನ್ನನ್ನು ನೋಡಿತು. ಒಂದನ್ನು ನಾನೇ ಬಾಯಿಗೆ ಹಾಕಿಕೊಂಡೆ. ಯಾಕೆ ಎಂದು ಕೇಳಬೇಡಿ. ಕಷ್ಟಪಟ್ಟು ರುಬ್ಬಿದ ಹೂರಣ ಅದು. ಹಲ್ಲು ಮೊದಲೇ ಅಲ್ಲಾಡುತ್ತಿತ್ತು, ಆ ದಿನ ಪೂರ್ತಿ ಬಂತು.

ನಾಲ್ಕು ದಿನಕ್ಕೆ ಹನ್ನೊಂದೂ ಮುಗಿದವು. ಐದನೆಯ ದಿನ ದುರುಗಕ್ಕ ಒಳಗೆ ಬಂದು, ಅಳತೆ ನೋಡಬೇಕೆಂದು ಮೇಲಿನ ಕೌದಿಯನ್ನು ಎಳೆದಳು. ಅವಳ ಕಣ್ಣಿಗೆ ಪೊರೆ ಬಂದಿದೆ, ಎದುರಿಗೆ ಬಂದವರನ್ನು ದನಿಯಿಂದಲೇ ಗುರುತಿಸುತ್ತಾಳೆ. ಸೂಜಿಗೆ ದಾರ ಪೋಣಿಸಿಕೊಡುವುದು ಮಾಬುಬಿ. ಹಾಗಾಗಿ ನಾನು ಧೈರ್ಯದಿಂದಿದ್ದೆ. ಆದರೆ ಅವಳ ಹೆಬ್ಬೆರಳಿಗೆ ಪೊರೆ ಬಂದಿರಲಿಲ್ಲ. ಅಂಚಿನ ಮೇಲೆ ಸವರುತ್ತಾ ಹೋದ ಹೆಬ್ಬೆರಳು ಮೂಲೆಗೆ ಬಂದು ನಿಂತಿತು.

"ಇದು ಯಾರ ಕೈ?"

"ನಿಂದೇ ದುರುಗಕ್ಕ. ಇನ್ನ್ಯಾರದು?"

"ನನ್ನ ಕೈ ಹಿಂಗ ಕುಂಟಂಗಿಲ್ಲ." ಮೂಲೆಯನ್ನು ಒತ್ತಿ ನೋಡಿದಳು. ಎರಡನೆಯ ಕೌದಿ ಎಳೆದಳು. ಮೂರನೆಯದು. "ಹಂಪಮ್ಮ, ಇವು ಖಾಲಿ ಅದಾವ."

ಮಾಬುಬಿ ಬಾಗಿಲಲ್ಲಿ ನಿಂತಿದ್ದಳು. "ಯಕ್ಕಾ, ಹೋಳಿಗಿ ನೀನೇ ತಿಂದೇನ್?" ಎಂದಳು. ಎಲ್ಲರೂ ನಕ್ಕರೆ ವಿಷಯ ತೇಲಿ ಹೋಗುತ್ತದೆ ಎಂದು ನಾನು ಮೊದಲು ನಕ್ಕೆ. ಬೇರೆ ಯಾರೂ ನಗಲಿಲ್ಲ. ಕೊನೆಗೆ ಫಾರಂ, ಗಡಿ, ಉಪ್ಪಿನಕಾಯಿ ಎಲ್ಲ ಹೇಳಿದೆ. ದುರುಗಕ್ಕ ಪೂರ್ತಿ ಕೇಳಿದಳು. "ಇದನ್ನ ಮೊದಲ ಹೇಳಾಕ ನಿನ್ನ ಬಾಯಾಗ ಏನ್ ತುರಿಕಿದ್ದಿ?" ಎಂದಳು. ಹೋಳಿಗೆ ಎನ್ನುವ ಹಾಗಿರಲಿಲ್ಲ. ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಎದ್ದಳು. ಮಾಬುಬಿ, ಈರಮ್ಮ ಎದ್ದರು. ಮಾರನೆಯ ಬೆಳಿಗ್ಗೆ ನೋಡಿದರೆ ದುರುಗಕ್ಕನ ಮನೆಗೆ ಬೀಗ. ಕಂಪ್ಲಿಯ ಮಗಳ ಮನೆಗೆ ಹೋಗಿದ್ದಾಳೆ ಎಂದರು.

ಹನ್ನೆರಡನೆಯದನ್ನು ನಾನೇ ಮುಗಿಸೋಣ ಎಂದು ಕೂತೆ. ನನಗೆ ಪದ್ಧತಿ ಇಲ್ಲ, ನಂಬಿಕೆ ಇಲ್ಲ, ಮುಗಿಸಲು ಏನು ಅಡ್ಡಿ ಎಂದುಕೊಂಡೆ. ಹೊಲಿಗೆಯೂ ಇಲ್ಲ ಎಂಬುದು ಒಂದು ಗಂಟೆಯಲ್ಲಿ ಗೊತ್ತಾಯಿತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಉಬ್ಬಿತು. ಉಬ್ಬಿದ್ದನ್ನು ಒತ್ತಿದರೆ ನಡುವೆ ಗುಡ್ಡ ಎದ್ದಿತು. ನೇಪಾಳದಲ್ಲಿ ಗುಡ್ಡ ಬೇಕಾದಷ್ಟಿವೆ, ನಾವು ಕಳಿಸುವುದು ಬೇಡ. ಹೊಲಿದದ್ದನ್ನು ಬಿಚ್ಚಿದೆ. ಹೊರಡಲು ನಾಲ್ಕೇ ದಿನ ಉಳಿದಿತ್ತು. ಸುಜಾತಾ ಫೋನು ಮಾಡಿ, "ಎಲ್ಲ ಆತಾ ಅಜ್ಜಿ?" ಎಂದಳು. "ಆಗಾಕತ್ತೈತಿ," ಎಂದೆ. ಫೋನಿಟ್ಟು ಕಂಪ್ಲಿಯ ಬಸ್ಸು ಹತ್ತಿದೆ.

ದುರುಗಕ್ಕ ಮಗಳ ಮನೆಯ ಮುಂದೆ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ಒಗ್ಗಿದ ಮಾತಲ್ಲ. ಪಕ್ಕದಲ್ಲಿ ಕೂತು, "ಬಿಸಲು ಭಾಳ," ಎಂದೆ.

"ಬಿಸಲು ನೋಡಾಕ ಬಸ್ಸು ಹತ್ತಿ ಬಂದ್ಯಾ?" ಎಂದಳು. ಆದರೆ ಅವರೆಕಾಯಿಯ ಮೊರವನ್ನು ನನ್ನ ಕಡೆಗೂ ಸ್ವಲ್ಪ ಸರಿಸಿದಳು. ಇಬ್ಬರೂ ಸುಲಿದೆವು.

"ಹಸದ ಕೌದಿ ಮ್ಯಾಲೆ ಕುಂತ್ರ ಆ ಮಕ್ಳ ತಲಿಗೆ ಅಕ್ಷರ ಹತ್ತತಾವೇನು?" ಎಂದು ಅವಳೇ ಶುರು ಮಾಡಿದಳು.

"ನಾನು ನಿಮ್ಮವ್ವ ಹೊಲಿದ ಕೌದಿ ಮ್ಯಾಲೆ ಬೆಳದಾಕಿ. ಅದರ ಹೊಟ್ಟಿ ತುಂಬಿತ್ತು. ನನಗ ಯಾವ ಅಕ್ಷರ ಹತ್ತಿದ್ವು?"

"ನಿನಗ ಸರಸ್ವತಿನೇ ಬಂದು ಕೌದಿ ಹೊಲದ್ರೂ ಹತ್ತತಿದ್ದಿಲ್ಲ. ನಿಂದು ಬಿಡು."

ನಾನು ಬಿಟ್ಟೆ. ಇಂಥ ಕಡೆ ಬಿಡುವುದು ಲಾಭ. "ಕೌದಿ ಹೋಗಲಿಲ್ಲ ಅಂದ್ರ ಓದುಮನಿಗೆ ಬೀಗ ಹಾಕತಾರ ದುರುಗಕ್ಕ," ಎಂದೆ. "ಆ ಮಕ್ಳು ಕೂಲಿಗೆ ಹೊಕ್ಕಾವ. ಅಷ್ಟು ಕೂಲಿ ನಾವೇ ಮಾಡೀವಿ, ಸಾಕಾಗಿಲ್ಲೇನು?"

ದುರುಗಕ್ಕ ಒಂದು ಹಿಡಿ ಅವರೆಕಾಳು ಸುಲಿದು ಮೊರಕ್ಕೆ ಹಾಕಿದಳು. "ಅಲ್ಲಿ ಏನ್ ಉಂತಾರ?" ಎಂದು ಕೇಳಿದಳು.

"ಮೆಕ್ಕೆಜೋಳ ಅಂತ. ಅನ್ನ, ಬ್ಯಾಳಿ."

"ಕೌದಿ ಅಲ್ಲಿಗಿ ಹೋಗಿ ಇರೋದು. ಅಲ್ಲಿದ ಉಣ್ಣಲಿ." ಕೈಯ ನಾರು ಒರೆಸಿಕೊಂಡಳು. "ಗಂಡನ ಮನಿಗೆ ಹೋದ ಹೆಣ್ಣು ತವರುಮನಿ ಬುತ್ತಿ ಎಷ್ಟು ದಿನ ಉಂಡಾಳ? ಮೂಲಿ ಮುಚ್ಚೋದು ಬ್ಯಾಡ. ಸೂಜಿ ದಾರ ಚುಚ್ಚಿ ಹಂಗ ಕಳಸು. ಆ ಮಕ್ಳು ತಮ್ಮ ಮನೀದು ಏನರ ಒಂದು ಚೂರು ಇಟ್ಟು ಮುಚ್ಚಲಿ. ನಮಗೂ ಪಾಪ ಇಲ್ಲ, ನಿನ್ನ ಫಾರಮ್ಮಿಗೂ ಸುಳ್ಳಿಲ್ಲ."

ಕೌದಿ ಕೆಲಸದಲ್ಲಿ ನಲವತ್ತು ವರ್ಷ ಕಳೆದವಳಿಗೆ ಹೊಳೆಯುವುದು ಮೂಢನಂಬಿಕೆ ಬಿಟ್ಟವಳಿಗೆ ಯಾಕೆ ಹೊಳೆಯಲಿಲ್ಲ ಎಂದು ಅವಳನ್ನು ಕರೆದುಕೊಂಡು ಬರುವಾಗ ನಾನು ಬಸ್ಸಿನಲ್ಲಿ ಯೋಚಿಸಿದೆ. ಅವಳು ಯೋಚಿಸಲಿಲ್ಲ, ಕಿಟಕಿಯ ಪಕ್ಕದ ಸೀಟಿಗಾಗಿ ಕಂಡಕ್ಟರನ ಜೊತೆ ಜಗಳವಾಡುತ್ತಿದ್ದಳು. ಊರಿಗೆ ಬಂದು ಅವಳು ಮೊದಲು ಮಾಡಿದ ಕೆಲಸ ನನ್ನ ಹನ್ನೊಂದು ಮೂಲೆಗಳನ್ನು ಬಿಚ್ಚಿದ್ದು. "ಈ ಕುಂಟ ಹೊಲಿಗಿ ದೇಶ ದಾಟೋದು ಬ್ಯಾಡ," ಎಂದಳು. ಮಾಬುಬಿ, ಈರಮ್ಮ ಕರೆಯದೆ ಬಂದರು. ಮೂರೇ ದಿನದಲ್ಲಿ ಹನ್ನೆರಡನೆಯದೂ ಮುಗಿಯಿತು. ಹೋಳಿಗೆ ಇಡುವುದಿಲ್ಲ ಎಂದ ಮೇಲೆ ಮಾಡುವ ಅಗತ್ಯವಿಲ್ಲ ಎಂದುಕೊಂಡಿದ್ದೆ. ಅಗತ್ಯವಿದೆ ಎಂದು ಮೂವರೂ ಒಟ್ಟಿಗೆ ಹೇಳಿದರು. ಮಾಡಿದೆ.

ಒಂದೊಂದು ಕೌದಿಗೂ ಒಂದೊಂದು ಚೀಟಿ ಬೇಕಾಯಿತು. ಅದನ್ನು ನಾನೇ ಬರೆದೆ: ಈ ಮೂಲೆ ತೆರೆದಿದೆ, ನಿಮ್ಮ ಊಟದ್ದು ಒಂದು ಚೂರು ಒಳಗಿಟ್ಟು ಹೊಲಿಯಿರಿ, ಕೌದಿ ಹಸಿದಿರಬಾರದು. ಇಷ್ಟನ್ನು ಹನ್ನೆರಡು ಸಲ ಬರೆಯುವುದರಲ್ಲಿ ಒಂದು ಇಡೀ ದಿನ ಹೋಯಿತು; ಕೆಳಗೆ ಸುಜಾತಾ ಅವರ ಭಾಷೆಯಲ್ಲಿ ಬರೆಸಿ ಹಾಕಿದಳು. ದುರುಗಕ್ಕನ ಹೆಸರು ಹಾಕಲೇ ಎಂದರೆ, "ಹೊಲಿಗಿ ನೋಡಿದ್ರ ಗೊತ್ತಾಗಂಗಿಲ್ಲೇನು? ನಿನ್ನ ಹೆಸರ ಹಾಕ್ಕ, ನಿಂದು ಬ್ಯಾರೆ ಏನೂ ಇಲ್ಲ ಅದರಾಗ," ಎಂದಳು. ಹಂಪಮ್ಮ, ಬುಕ್ಕಸಾಗರ ಎಂದು ಬರೆದೆ. ಸುಜಾತಾ ಫಾರಮ್ಮಿಗೆ ಸಹಿ ಹಾಕಿದಳು. ಗಂಟು ಹೊಸಪೇಟೆಯಿಂದ ಹೊರಟಿತು, ಎಲ್ಲೂ ಯಾರೂ ತಡೆಯಲಿಲ್ಲ. ಹಿಮಕ್ಕೆ ಮುಂಚೆ ಹೋಗಿ ಮುಟ್ಟಿತು.

ಚಳಿಗಾಲ ಮುಗಿದ ಮೇಲೆ ಅಲ್ಲಿನ ಮೇಷ್ಟರ ಪತ್ರ ಸುಜಾತಾಳ ಮೊಬೈಲಿಗೆ ಬಂತು. ಅವಳು ಓದಿ ಹೇಳಿದಳು. ಓದುಮನೆಗೆ ಒಂದು ದಿನವೂ ಬೀಗ ಹಾಕಲಿಲ್ಲವಂತೆ. ಮಕ್ಕಳು ಮನೆಯಿಂದ ಮೆಕ್ಕೆಜೋಳ, ಒಣರೊಟ್ಟಿ ತಂದು, ಮೂಲೆಯಲ್ಲಿಟ್ಟು ಹೊಲಿದರಂತೆ. ಉಗುರಿನಷ್ಟು ಎಂದು ನಾನು ಚೀಟಿಯಲ್ಲಿ ಬರೆದಿರಲಿಲ್ಲ. ಅವರು ಮುಷ್ಟಿ ಮುಷ್ಟಿ ತುಂಬಿದರಂತೆ. ಆ ವಾಸನೆಗೆ ಗುಡ್ಡದ ಇಲಿಗಳೆಲ್ಲ ಓದುಮನೆಗೆ ಬಂದವಂತೆ. ಮೊದಲು ಕೌದಿಯ ಮೂಲೆ ತಿಂದು, ಆಮೇಲೆ ಭೂಗೋಳದ ಪುಸ್ತಕ ಎರಡು ತಿಂದವಂತೆ. ಮೇಷ್ಟರು ಭಾಳ ಮರ್ಯಾದಸ್ಥರು, ದೂರಿನ ಹಾಗೆ ಬರೆದಿರಲಿಲ್ಲ. ಈ ವರ್ಷ ಓದಲು ಹೊಸಬರು ಹೆಚ್ಚು ಬಂದರು ಎಂದು ಶುರು ಮಾಡಿದ್ದರು.

ಈ ಸಲ ಬಚ್ಚಿಡದೆ ದುರುಗಕ್ಕನಿಗೆ ಅಷ್ಟೂ ಹೇಳಿದೆ. "ಉಣ್ಣಾಕ ಇಲ್ಲದ ಮನಿಗೆ ಇಲಿ ಬರತಾವೇನು?" ಎಂದು ಅವಳು ಸಮಾಧಾನದಿಂದ ಎಲೆ ಅಡಿಕೆ ಹಾಕಿಕೊಂಡಳು.

ಇಲಿಗೆಂದು ಓದುಮನೆಯವರು ಒಂದು ಬೆಕ್ಕು ಸಾಕಿದ್ದಾರೆ. ಮಕ್ಕಳು ಅದಕ್ಕೆ ಚೀಟಿಯಲ್ಲಿದ್ದ ಹೆಸರನ್ನೇ ಇಟ್ಟಿದ್ದಾರೆ. ದಾನ ಕೊಟ್ಟವರ ಹೆಸರನ್ನು ಶಾಲೆಯ ಕಲ್ಲಿನ ಮೇಲೆ ಕೆತ್ತಿಸುವುದನ್ನು ನೋಡಿದ್ದೇನೆ; ನನ್ನ ಹೆಸರು ಆ ಗುಡ್ಡದ ಮೇಲೆ ನಾಲ್ಕು ಕಾಲಿನಲ್ಲಿ ಓಡಾಡುತ್ತಿದೆ. ಅದರ ವಿಡಿಯೋ ಕೂಡ ಬಂತು. ಮಕ್ಕಳು ಕೌದಿಯ ಮೇಲೆ ಸಾಲಾಗಿ ಕೂತು ಗಟ್ಟಿಯಾಗಿ ಓದುತ್ತಿದ್ದಾರೆ, ನಡುವೆ ಹಸಿರು ಖಣದ ಮೇಲೆ ಬೂದು ಬಣ್ಣದ ದಪ್ಪ ಬೆಕ್ಕೊಂದು ಕಾಲು ಚಾಚಿ ಮಲಗಿದೆ. ಕೆಳಗೆ ಮೇಷ್ಟರು ಬರೆದಿದ್ದರು: ಹಂಪಮ್ಮ ಆರೋಗ್ಯವಾಗಿದ್ದಾಳೆ. ಇಲಿ ಹಿಡಿಯುವುದಿಲ್ಲ. ಎಲ್ಲರೂ ಓದುವಾಗ ನಡುವೆ ಬಂದು ಮಲಗುತ್ತಾಳೆ, ಎಬ್ಬಿಸಲು ಹೋದರೆ ಪರಚುತ್ತಾಳೆ, ಊಟದ ಹೊತ್ತಿಗೆ ಮಾತ್ರ ತಾನೇ ಏಳುತ್ತಾಳೆ.

ಸುಜಾತಾ ಓದಿ ಮುಗಿಸಿದಾಗ ಮಗ, ಸೊಸೆ, ದುರುಗಕ್ಕ, ಮಾಬುಬಿ ಎಲ್ಲರೂ ನನ್ನ ಕಡೆ ನೋಡಿದರು. ಬರೆಯಲು ಕೂತಿರುವುದರಿಂದ ಇಲ್ಲಿ ಸ್ಪಷ್ಟ ಮಾಡಿಬಿಡುತ್ತೇನೆ: ನಾನು ಮಲಗುವುದು ಮಧ್ಯಾಹ್ನ ಮಾತ್ರ.